ಸಾವಿರ ಬ್ಲೂಗಿಲ್‌ಗೆ ನೂರು ಬ್ಯಾಸ್: ಕೊಳದ ಮೀನಿನ ಲೆಕ್ಕ

ಸ್ವಂತ ಜಮೀನಿನಲ್ಲಿ ಕೊಳ ತೋಡಿಸಿ, ನೀರು ತುಂಬಿಸಿ, ಮೀನುಮರಿ ಬಿಟ್ಟವರಲ್ಲಿ ಅನೇಕರು ಎರಡು ಮೂರು ವರ್ಷಗಳಲ್ಲಿ ಒಂದೇ ದೂರು ಹೇಳುತ್ತಾರೆ: ಮೀನು ಬೇಕಾದಷ್ಟಿವೆ, ಒಂದೂ ಅಂಗೈ ಮೀರಿ ಬೆಳೆಯುವುದಿಲ್ಲ. ಮೇವು ಸಾಲದೇನೋ ಎಂದು ಮೇವು ಸುರಿಯುತ್ತಾರೆ. ತಳಿ ಸರಿಯಿಲ್ಲವೇನೋ ಎಂದು ಹೊಸ ಮರಿ ತಂದು ಬಿಡುತ್ತಾರೆ. ಹೊಸ ಮರಿಗಳಿಂದ ಇಕ್ಕಟ್ಟು ಇನ್ನಷ್ಟು ಹೆಚ್ಚುತ್ತದೆ, ಮೇವಿನಿಂದ ಖರ್ಚು ಹೆಚ್ಚುತ್ತದೆ. ಅಂಥ ಕೊಳದಲ್ಲಿ ಮೀನನ್ನು ತಿನ್ನುವ ಮೀನು ಇಲ್ಲ, ಅಥವಾ ಇದ್ದರೂ ಸಾಲದಾಗಿದೆ. ಸಣ್ಣ ನೀರಿನಲ್ಲಿ ಬೇಟೆಗಾರ ಮೀನು ಮತ್ತು ಅದಕ್ಕೆ ಆಹಾರವಾಗುವ ಮೇವಿನ ಮೀನು ಎಷ್ಟೆಷ್ಟು ಇರಬೇಕು ಎಂಬ ಈ ಪ್ರಶ್ನೆಯನ್ನು ಅತ್ಯಂತ ತಾಳ್ಮೆಯಿಂದ ಬಿಡಿಸಿದ್ದು ಅಮೆರಿಕದ ಅಲಬಾಮಾ ರಾಜ್ಯದಲ್ಲಿ.

ಅಲ್ಲಿನ ಆಬರ್ನ್ ಊರಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಹೋಮರ್ ಸ್ವಿಂಗಲ್ ಎಂಬ ವಿಜ್ಞಾನಿ ಇದ್ದರು. ಕಲಿತದ್ದು ಕೀಟಶಾಸ್ತ್ರ, ಒಲಿದದ್ದು ಮೀನು. ಅದು 1930ರ ದಶಕ, ಆರ್ಥಿಕ ಮಹಾಕುಸಿತದ ಕಾಲ. ಹತ್ತಿ ಬೆಳೆದೂ ಬೆಳೆದೂ ಸತ್ವ ಕಳೆದುಕೊಂಡ ಹೊಲಗಳ ತಗ್ಗುಗಳಿಗೆ ಒಡ್ಡು ಹಾಕಿ ಸಣ್ಣ ಕೊಳಗಳನ್ನು ಮಾಡಲಾಗುತ್ತಿತ್ತು. ರೈತ ಕುಟುಂಬದ ತಟ್ಟೆಗೆ ಈ ಕೊಳಗಳಿಂದ ವರ್ಷವರ್ಷವೂ ಮೀನು ಬರುವಂತೆ ಮಾಡುವುದು ಹೇಗೆ ಎಂಬುದು ಸ್ವಿಂಗಲ್ ಮತ್ತು ಅವರ ಸಹೋದ್ಯೋಗಿ, ಸಸ್ಯವಿಜ್ಞಾನಿ ಇ. ವಿ. ಸ್ಮಿತ್ ಅವರ ಮುಂದಿದ್ದ ಕೆಲಸ. ಅವರ ವಿಧಾನ ನನಗೆ ಬಹಳ ಹಿಡಿಸುತ್ತದೆ. ಎಣಿಸಿ ಮೀನು ಬಿಡುವುದು. ಕಾಲ ಬಂದಾಗ ಕೊಳವನ್ನು ಪೂರ್ತಿ ಬಸಿದು, ಕೆಸರಿನಲ್ಲಿ ಉಳಿದ ಮೀನುಗಳನ್ನೆಲ್ಲ ಆರಿಸಿ, ಜಾತಿವಾರು ಗಾತ್ರವಾರು ವಿಂಗಡಿಸಿ ತೂಗುವುದು. ಊಹೆಗೆ ಅಲ್ಲಿ ಜಾಗವಿರಲಿಲ್ಲ.

ಹೀಗೆ ತೂಗುತ್ತಾ ಹೋದಾಗ ಮೊದಲು ಕಂಡದ್ದು ಒಂದು ಸರಳ ಸತ್ಯ. ಒಂದು ಕೊಳ ಎಷ್ಟು ತೂಕದ ಮೀನನ್ನು ಸಾಕಬಲ್ಲದು ಎಂಬುದನ್ನು ಅದರ ನೀರಿನ ಫಲವತ್ತತೆ ತೀರ್ಮಾನಿಸುತ್ತದೆ. ಬಿಟ್ಟ ಮರಿಗಳ ಸಂಖ್ಯೆಯಿಂದ ಆ ಒಟ್ಟು ತೂಕ ಹೆಚ್ಚು ಕದಲುವುದಿಲ್ಲ. ಒಂದು ಕೊಳ ನೂರು ಕಿಲೋ ಮೀನನ್ನು ಹೊರಬಲ್ಲದು ಎಂದಿಟ್ಟುಕೊಳ್ಳಿ. ಆ ನೂರು ಕಿಲೋ ನೂರು ಗ್ರಾಂ ತೂಗುವ ಸಾವಿರ ಮೀನುಗಳಾಗಿರಬಹುದು, ಹತ್ತು ಗ್ರಾಂ ತೂಗುವ ಹತ್ತು ಸಾವಿರ ಮೀನುಗಳೂ ಆಗಿರಬಹುದು. ಕೊಳಕ್ಕೆ ಎರಡೂ ಒಂದೇ. ಬಾಣಲೆಗೆ ಮಾತ್ರ ಎರಡೂ ಒಂದಲ್ಲ. ಹಾಗಾಗಿ ದೊಡ್ಡ ಮೀನು ಬೇಕೆಂದವರ ಮುಖ್ಯ ಕೆಲಸ ಬಾಯಿಗಳ ಸಂಖ್ಯೆಯನ್ನು ಕಡಿಮೆ ಮಾಡುವುದು. ಬೆರಳುದ್ದದ ಸಾವಿರಾರು ಮರಿಗಳನ್ನು ಮನುಷ್ಯ ಗಾಳ ಹಾಕಿ ಮುಗಿಸಲಾರ. ಹಗಲೂ ರಾತ್ರಿ ಆ ಕೆಲಸ ಮಾಡಲು ಇನ್ನೊಂದು ಮೀನೇ ಬೇಕು.

ಅಲಬಾಮಾದಲ್ಲಿ ಈ ಕೆಲಸಕ್ಕೆ ಒಗ್ಗಿದ ಜೋಡಿ ಬ್ಲೂಗಿಲ್ ಮತ್ತು ಲಾರ್ಜ್‌ಮೌತ್ ಬ್ಯಾಸ್. ಬ್ಲೂಗಿಲ್ ಅಂಗೈಯಗಲದ, ಎತ್ತರದ ಮೈಯ, ಚಿಕ್ಕ ಬಾಯಿಯ ಮೀನು. ಕಿವಿರಿನ ಮುಚ್ಚಳದ ತುದಿಯಲ್ಲಿ ಕಿವಿಯೋಲೆಯಂಥ ಒಂದು ಕಪ್ಪು ಮಚ್ಚೆ. ನೀರಿನ ಹುಳು, ಅವುಗಳ ಮರಿ, ನೀರಿನಲ್ಲಿ ತೇಲುವ ಅತಿ ಸಣ್ಣ ಜೀವಿಗಳಾದ ಪ್ರಾಣಿ ಪ್ಲವಕ ಇವೇ ಅದರ ಆಹಾರ. ಬೇಸಿಗೆಯಲ್ಲಿ ನೀರು ಚೆನ್ನಾಗಿ ಬೆಚ್ಚಗಾದಾಗ ಗಂಡುಗಳು ದಡದ ಹತ್ತಿರದ ಆಳವಿಲ್ಲದ ಜಾಗದಲ್ಲಿ ಬಾಲದಿಂದ ಮಣ್ಣು ಗುಡಿಸಿ ತಟ್ಟೆಯಗಲದ ಗುಳಿ ಮಾಡುತ್ತವೆ. ಇಂಥ ಹತ್ತಾರು ಗುಳಿಗಳು ಒಂದಕ್ಕೊಂದು ತಾಗಿಕೊಂಡು ಕಾಣುತ್ತವೆ, ಒಂದೊಂದರ ಮೇಲೂ ಒಂದೊಂದು ಗಂಡು ಈಜುರೆಕ್ಕೆಯಾಡಿಸುತ್ತಾ ಮೊಟ್ಟೆಗಳಿಗೆ ಹೊಸ ನೀರು ಬೀಸುತ್ತಾ, ಹತ್ತಿರ ಬಂದವರನ್ನೆಲ್ಲ ಅಟ್ಟುತ್ತಾ ನಿಂತಿರುತ್ತದೆ. ಒಂದು ಗುಳಿಯಲ್ಲೇ ಸಾವಿರಾರು ಮೊಟ್ಟೆ. ಒಂದೇ ಬೇಸಿಗೆಯಲ್ಲಿ ಈ ಸಂತಾನೋತ್ಪತ್ತಿ ಮತ್ತೆ ಮತ್ತೆ ನಡೆಯುತ್ತದೆ. ಬ್ಯಾಸ್ ಇದಕ್ಕೆ ಪೂರ್ತಿ ಬೇರೆ: ನೀಳ ಮೈ, ಕಣ್ಣಿನ ಹಿಂಭಾಗದವರೆಗೂ ಸೀಳಿದ ದೊಡ್ಡ ಬಾಯಿ, ವರ್ಷಕ್ಕೆ ಒಮ್ಮೆ, ವಸಂತದಲ್ಲಿ ಮಾತ್ರ ಮೊಟ್ಟೆ. ಬ್ಲೂಗಿಲ್ ಬೇಸಿಗೆಯುದ್ದಕ್ಕೂ ಕಂತು ಕಂತಾಗಿ ಮರಿ ಹಾಕುವುದರಿಂದ ಬ್ಯಾಸ್‌ಗೆ ಆಹಾರ ಮುಗಿಯುವುದಿಲ್ಲ. ಬ್ಯಾಸ್ ಆ ಮರಿಗಳನ್ನು ತಿನ್ನುತ್ತಾ ಹೋಗುವುದರಿಂದ ಉಳಿದ ಬ್ಲೂಗಿಲ್‌ಗಳಿಗೆ ಹುಳುಹುಪ್ಪಟೆ ಸಾಲದಾಗುವುದಿಲ್ಲ.

ಆಬರ್ನ್‌ನಿಂದ ರೈತರಿಗೆ ಹೋದ ಸಲಹೆ ಹೀಗಿತ್ತು: ಗೊಬ್ಬರ ಹಾಕಿದ ಕೊಳಕ್ಕೆ ಎಕರೆಗೆ ಸಾವಿರ ಬ್ಲೂಗಿಲ್ ಮರಿ, ನೂರು ಬ್ಯಾಸ್ ಮರಿ. ಆದರೆ ಎರಡನ್ನೂ ಒಟ್ಟಿಗೆ ಬಿಡಬಾರದು. ಬ್ಲೂಗಿಲ್ ಚಳಿಗಾಲಕ್ಕೆ ಮೊದಲು, ಬ್ಯಾಸ್ ಮುಂದಿನ ಬೇಸಿಗೆಯ ಹೊಸ್ತಿಲಲ್ಲಿ. ಈ ಅಂತರಕ್ಕೆ ಬಲವಾದ ಕಾರಣವಿದೆ. ಎರಡಂಗುಲದ ಬ್ಯಾಸ್ ಮರಿ ಕೊಳಕ್ಕೆ ಬರುವ ಹೊತ್ತಿಗೆ ಮೊದಲೇ ಬಂದ ಬ್ಲೂಗಿಲ್‌ಗಳು ಅದರ ಬಾಯಿಗೆ ದಕ್ಕದಷ್ಟು ಬೆಳೆದಿರುತ್ತವೆ, ಹಾಗೆಯೇ ಮೊಟ್ಟೆಯಿಡಲು ಸಿದ್ಧವಾಗಿರುತ್ತವೆ. ಅವುಗಳ ಹೊಸ ಮರಿಗಳು ಸರಿಯಾಗಿ ಬ್ಯಾಸ್‌ನ ಬಾಯಿಯ ಅಳತೆಯಲ್ಲಿರುತ್ತವೆ. ತಾಯಿ ತಂದೆ ಉಳಿಯಬೇಕು, ಮರಿ ಹೋಗಬೇಕು. ಈ ಒಂದು ಕ್ರಮ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ. ಇದಾದ ಮೇಲೂ ಬಿಟ್ಟ ಬ್ಯಾಸ್‌ಗಳು ತಾವೇ ಒಮ್ಮೆ ಮರಿ ಹಾಕುವವರೆಗೆ, ಅಂದರೆ ಹೆಚ್ಚುಕಡಿಮೆ ಒಂದು ವರ್ಷ, ಅವುಗಳಿಗೆ ಗಾಳ ಹಾಕಬಾರದು.

1950ರಲ್ಲಿ ಸ್ವಿಂಗಲ್ ತಮ್ಮ ಅಳತೆಗಳನ್ನೆಲ್ಲ ಒಂದು ಕಿರುಹೊತ್ತಗೆಯಾಗಿ ಪ್ರಕಟಿಸಿದರು. ಸಮತೋಲನ ಎಂಬ ಮಾತಿಗೆ ಅವರು ಕೊಟ್ಟ ಅರ್ಥ ರೈತನದು: ಹಿಡಿದು ತಿನ್ನುವಷ್ಟು ದೊಡ್ಡ ಮೀನನ್ನು ವರ್ಷವರ್ಷವೂ ತೃಪ್ತಿಯಾಗುವಷ್ಟು ಕೊಡುವ ಕೊಳವೇ ಸಮತೋಲನದ ಕೊಳ. ಅದನ್ನು ಅಳೆಯಲು ಹಲವು ಮಾನದಂಡಗಳನ್ನು ಕೊಟ್ಟರು. ಅವುಗಳಲ್ಲಿ ಮೂರು ನಮಗೆ ಮುಖ್ಯ. ಮೊದಲನೆಯದು, ಕೊಳದ ಮೇವಿನ ಮೀನಿನ ಒಟ್ಟು ತೂಕವನ್ನು ಬೇಟೆಗಾರ ಮೀನಿನ ಒಟ್ಟು ತೂಕದಿಂದ ಭಾಗಿಸಿದರೆ ಸಿಗುವ ಸಂಖ್ಯೆ. ಅದು 3ರಿಂದ 6ರ ನಡುವೆ ಇದ್ದ ಕೊಳಗಳು ಉತ್ತಮವಾಗಿದ್ದವು. 10 ದಾಟಿದ ಕೊಳಗಳು ಕೆಟ್ಟಿದ್ದವು. ಎರಡನೆಯದರಲ್ಲಿ ಮೇವಿನ ಮೀನುಗಳ ಪೈಕಿ ಬ್ಯಾಸ್ ನುಂಗಬಲ್ಲಷ್ಟು ಚಿಕ್ಕವುಗಳ ತೂಕ ಮಾತ್ರ ಲೆಕ್ಕಕ್ಕೆ. ಈ ಸಂಖ್ಯೆ 1ರಿಂದ 3 ಇರುವುದು ಲೇಸು. ಮೂರನೆಯದು, ಒಟ್ಟು ತೂಕದಲ್ಲಿ ಹಿಡಿಯಲು ಯೋಗ್ಯ ಗಾತ್ರದ ಮೀನಿನ ಪಾಲು. ಇದು ಶೇಕಡ 60ರಿಂದ 85 ಇರುವುದು ಅತ್ಯುತ್ತಮ.

ಇಲ್ಲಿ ಒಂದು ಸಂದೇಹ ಬರುವುದು ಸಹಜ. ಒಂದು ಕಿಲೋ ಬ್ಯಾಸ್ ಮೈಗೂಡಲು ಸುಮಾರು ಹತ್ತು ಕಿಲೋ ಮೇವಿನ ಮೀನು ಬೇಕು ಎಂಬುದು ಕೊಳ ಸಾಕುವವರೆಲ್ಲರ ಬಾಯಲ್ಲಿರುವ ಲೆಕ್ಕ. ಹಾಗಿರುವಾಗ ಮೂರರಷ್ಟೋ ಆರರಷ್ಟೋ ಮೇವು ಸಾಕಾಗುವುದು ಹೇಗೆ? ಮೂರರಿಂದ ಆರು ಎಂಬುದು ಒಂದು ದಿನ ಕೊಳ ಬಸಿದರೆ ತಕ್ಕಡಿಗೆ ಬೀಳುವ ತೂಕ. ಹತ್ತು ಎಂಬುದು ಕಾಲ ಕಳೆದಂತೆ ಹುಟ್ಟಿ, ಬೆಳೆದು, ಬಾಯಿಗೆ ಬಿದ್ದು ಮಾಯವಾಗುವ ಮೀನನ್ನೂ ಸೇರಿಸಿದ ಲೆಕ್ಕ. ಕಣಜದಲ್ಲಿ ಇವತ್ತು ಎಷ್ಟಿದೆ ಎಂಬುದಕ್ಕೂ ವರ್ಷದಲ್ಲಿ ಎಷ್ಟು ಅಕ್ಕಿ ಬೆಂದಿತು ಎಂಬುದಕ್ಕೂ ಇರುವ ವ್ಯತ್ಯಾಸ ಇದು. ಬ್ಲೂಗಿಲ್ ಬೇಸಿಗೆಯುದ್ದಕ್ಕೂ ಮರಿ ಹಾಕುವುದರಿಂದ ಕಣಜ ತುಂಬುತ್ತಲೇ ಇರುತ್ತದೆ.

ಎರಡನೆಯ ಸಂಖ್ಯೆಯ ಮೇಲೆ ನಾನು ಹೆಚ್ಚು ಒತ್ತು ಕೊಡುತ್ತೇನೆ, ಏಕೆಂದರೆ ಕೊಳಗಳು ಹಾಳಾಗುವ ಗುಟ್ಟು ಅದರಲ್ಲಿದೆ. ಬ್ಯಾಸ್ ಮೀನು ಬೇಟೆಯನ್ನು ಕಚ್ಚಿ ಹರಿದು ತಿನ್ನುವುದಿಲ್ಲ, ಇಡಿಯಾಗಿ ನುಂಗುತ್ತದೆ. ಬ್ಲೂಗಿಲ್‌ನ ಮೈ ಎತ್ತರವಾದ್ದರಿಂದ ಬ್ಯಾಸ್ ತನ್ನ ಉದ್ದದ ಮೂರನೇ ಒಂದರಷ್ಟು ಉದ್ದದ ಬ್ಲೂಗಿಲ್ ಅನ್ನು ಹೆಚ್ಚೆಂದರೆ ನುಂಗಬಲ್ಲದು. ಒಂಬತ್ತು ಅಂಗುಲದ ಬ್ಯಾಸ್‌ಗೆ ಮೂರು ಅಂಗುಲದ ಬ್ಲೂಗಿಲ್ ಕೊನೆಯ ಗಡಿ. ಅದೇ ಬ್ಲೂಗಿಲ್ ನಾಲ್ಕು ಅಂಗುಲಕ್ಕೆ ಬಂತೆಂದರೆ ಅದನ್ನು ಹಿಡಿಯಲು ಹನ್ನೆರಡು ಅಂಗುಲದ ಬ್ಯಾಸ್ ಬೇಕು. ಅಂಥ ಬ್ಯಾಸ್‌ಗಳು ಕೊಳದಲ್ಲಿ ಇಲ್ಲದಿದ್ದರೆ ನಾಲ್ಕಂಗುಲದ ಬ್ಲೂಗಿಲ್‌ಗೆ ಇನ್ನು ನೀರಿನೊಳಗೆ ಶತ್ರುವೇ ಇಲ್ಲ. ಮೇವಿನ ಮೀನು ರಾಶಿ ಬಿದ್ದಿದ್ದರೂ ಬೇಟೆಗಾರ ಹಸಿದಿರುವ ಕೊಳ ಹೀಗೆ ಹುಟ್ಟುತ್ತದೆ. ತೂಕದ ಅನುಪಾತ ಸರಿಯಿದ್ದರೂ ಬಾಯಿಯ ಅನುಪಾತ ತಪ್ಪಿರುತ್ತದೆ.

ಕೊಳ ಕೆಡುವ ಮೊದಲ ದಾರಿ ಬಹಳ ಹಳೆಯದು. ಗಾಳ ಎಂದರೇನೆಂದು ಗೊತ್ತಿಲ್ಲದ ಹೊಸ ಕೊಳದ ಬ್ಯಾಸ್‌ಗಳು ಮೊದಲ ದಿನಗಳಲ್ಲಿ ಏನು ಹಾಕಿದರೂ ಕಚ್ಚುತ್ತವೆ. ಮಾಲೀಕ, ನೆಂಟರು, ನೆರೆಯವರು ಸೇರಿ ಕೆಲವೇ ವಾರಗಳಲ್ಲಿ ಅವುಗಳಲ್ಲಿ ಬಹುಪಾಲನ್ನು ಎತ್ತಿಬಿಡುತ್ತಾರೆ. ಆ ಬೇಸಿಗೆಯ ಬ್ಲೂಗಿಲ್ ಮರಿಗಳು ತಿನ್ನುವವರಿಲ್ಲದೆ ಬದುಕುತ್ತವೆ. ಮೂರರಿಂದ ಐದು ಅಂಗುಲದ ಬ್ಲೂಗಿಲ್‌ಗಳು ಕೊಳ ತುಂಬುತ್ತವೆ. ಹಸಿದ ಆ ದಂಡು ಮುಂದಿನ ವಸಂತದಲ್ಲಿ ಬ್ಯಾಸ್‌ನ ಗೂಡಿಗೆ ನುಗ್ಗಿ ಮೊಟ್ಟೆಗಳನ್ನೇ ತಿನ್ನುತ್ತದೆ. ಈಗ ಹೊಸ ಬ್ಯಾಸ್ ಹುಟ್ಟುವುದೂ ನಿಂತಿತು. ಬೇಟೆ ಬೇಟೆಗಾರನ ಸಂತಾನವನ್ನು ಅಳಿಸುವ ಈ ಹಂತಕ್ಕೆ ಬಂದ ಕೊಳ ತಾನಾಗಿ ಸರಿಹೋಗುವುದು ಅಪರೂಪ. ಇಲ್ಲಿ ಕಣ್ಣಿಗೆ ಮಣ್ಣೆರಚುವ ಇನ್ನೊಂದು ಸಂಗತಿಯಿದೆ. ಉಳಿದ ನಾಲ್ಕಾರು ಬ್ಯಾಸ್‌ಗಳಿಗೆ ಊಟಕ್ಕೆ ಬರವಿಲ್ಲದ್ದರಿಂದ ಅವು ಕೊಬ್ಬಿ ಭಾರಿಯಾಗುತ್ತವೆ. ವರ್ಷಕ್ಕೊಮ್ಮೆ ಅಂಥದೊಂದು ಗಾಳಕ್ಕೆ ಸಿಕ್ಕಾಗ ಮಾಲೀಕ ತನ್ನ ಕೊಳ ಬಹಳ ಚೆನ್ನಾಗಿದೆ ಎಂದು ನಂಬುತ್ತಾನೆ.

ಎರಡನೆಯ ದಾರಿ ಇದಕ್ಕೆ ತಿರುಗುಮುರುಗು. ಅಲಬಾಮಾದ ಮಾಂಟ್ಗೊಮರಿಯಲ್ಲಿ ರೇ ಸ್ಕಾಟ್ ಕಟ್ಟಿದ ಬ್ಯಾಸ್ ಗಾಳಗಾರರ ಸಂಘ 1970ರ ದಶಕದಲ್ಲಿ, ಹಿಡಿದ ಮೀನನ್ನು ಜೀವಂತವಾಗಿ ನೀರಿಗೆ ಮರಳಿ ಬಿಡುವ ಪದ್ಧತಿಯನ್ನು ಪ್ರಚಾರ ಮಾಡಿತು. ದೊಡ್ಡ ಸರೋವರಗಳಲ್ಲಿ ಅದು ಒಳ್ಳೆಯ ಅಭ್ಯಾಸ. ಅದೇ ಅಭ್ಯಾಸ ಒಂದೆರಡು ಎಕರೆಯ ಮನೆಗೊಳಕ್ಕೂ ಬಂದಾಗ ಬ್ಯಾಸ್‌ಗಳ ಸಂಖ್ಯೆ ಏರಿತು. ಹೆಚ್ಚಾದ ಬ್ಯಾಸ್‌ಗಳು ಬ್ಲೂಗಿಲ್ ಮರಿಗಳನ್ನು ಹುಟ್ಟಿದಂತೆಯೇ ಮುಗಿಸುತ್ತವೆ. ತಮಗೇ ಆಹಾರ ಸಾಲದೆ ಎಂಟರಿಂದ ಹನ್ನೆರಡು ಅಂಗುಲದಲ್ಲಿ ನಿಂತುಬಿಡುತ್ತವೆ. ಅಂಥ ಬ್ಯಾಸ್ ಅನ್ನು ಕೈಯಲ್ಲಿ ಹಿಡಿದರೆ ಗೊತ್ತಾಗುತ್ತದೆ: ತಲೆ ಮೈಗಿಂತ ದೊಡ್ಡದಾಗಿ ಕಾಣುತ್ತದೆ, ಹೊಟ್ಟೆ ಬೆನ್ನಿಗೆ ಅಂಟಿರುತ್ತದೆ, ತಲೆಯ ಹಿಂದೆ ಬೆನ್ನು ತಗ್ಗಿರುತ್ತದೆ. ಅದೇ ಕೊಳದಲ್ಲಿ ಸಿಗುವ ಬ್ಲೂಗಿಲ್‌ಗಳು ಮಾತ್ರ ಕೆಲವೇ ಇದ್ದರೂ ಕೈ ತುಂಬುವಷ್ಟು ದೊಡ್ಡವು, ಏಕೆಂದರೆ ಬಾಲ್ಯ ದಾಟಿದವುಗಳಿಗೆ ಪೈಪೋಟಿಯೇ ಇಲ್ಲ. ಬ್ಲೂಗಿಲ್ ತಿನ್ನಲು ಇಷ್ಟಪಡುವ ಮನೆಯವರಿಗೆ ಇದೇ ಬೇಕಾದ ಸ್ಥಿತಿಯಾಗಿರಬಹುದು, ಹಾಗಿದ್ದರೆ ಅದನ್ನು ಹಾಗೆಯೇ ಉಳಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಬ್ಯಾಸ್ ಬೆಳೆಯಬೇಕು ಎನ್ನುವವರು ಹನ್ನೆರಡು ಹದಿನಾಲ್ಕು ಅಂಗುಲಕ್ಕಿಂತ ಚಿಕ್ಕ ಬ್ಯಾಸ್‌ಗಳನ್ನು ಎಕರೆಗೆ ವರ್ಷಕ್ಕೆ ಏಳರಿಂದ ಹನ್ನೊಂದು ಕಿಲೋದಷ್ಟು ಹೊರತೆಗೆಯಲೇಬೇಕು. ಹಿಡಿದ ಜೀವವನ್ನು ಬಿಟ್ಟುಕಳಿಸುವ ದಯೆಯಿಂದ ಇಡೀ ಕೊಳ ಹಸಿವಿಗೆ ಬೀಳುವುದನ್ನು ಒಪ್ಪಲು ಅನೇಕರಿಗೆ ಕಷ್ಟವಾಗುತ್ತದೆ. ನನಗೆ ಆ ಕಷ್ಟ ಅರ್ಥವಾಗುತ್ತದೆ. ಲೆಕ್ಕ ಮಾತ್ರ ಬದಲಾಗುವುದಿಲ್ಲ.

ಕೊಳ ಯಾವ ಸ್ಥಿತಿಯಲ್ಲಿದೆ ಎಂದು ತಿಳಿಯಲು ಅದನ್ನು ಬಸಿಯಬೇಕಾಗಿಲ್ಲ. ಬೇಸಿಗೆಯ ಮೊದಲ ಭಾಗದಲ್ಲಿ ದಡದುದ್ದಕ್ಕೆ ಅಲ್ಲಲ್ಲಿ ಎಳೆಬಲೆ ಹಾಕಿ ನೋಡುವ ವಿಧಾನವನ್ನೂ ಸ್ವಿಂಗಲ್ ಅವರೇ ರೂಪಿಸಿದರು. ಬಲೆಯಲ್ಲಿ ಈ ವರ್ಷದ ಬ್ಯಾಸ್ ಮರಿಗಳು, ಈಗಷ್ಟೇ ಹುಟ್ಟಿದ ಬ್ಲೂಗಿಲ್ ಮರಿಗಳು ಧಾರಾಳವಾಗಿ, ಮಧ್ಯಮ ಗಾತ್ರದ ಬ್ಲೂಗಿಲ್‌ಗಳು ಕೆಲವು ಬಂದರೆ ಕೊಳ ಸರಿಯಾಗಿದೆ. ಬ್ಯಾಸ್ ಮರಿ ಒಂದೂ ಇಲ್ಲದೆ ಮೂರರಿಂದ ಐದು ಅಂಗುಲದ ಬ್ಲೂಗಿಲ್‌ಗಳೇ ಬಲೆ ತುಂಬಿದರೆ ಬ್ಲೂಗಿಲ್ ಹೆಚ್ಚಾಗಿದೆ. ಮಧ್ಯಮ ಗಾತ್ರದವು ಸುಳಿವೇ ಇಲ್ಲದಿದ್ದರೆ ಬ್ಯಾಸ್ ಹೆಚ್ಚಾಗಿದೆ ಎಂದರ್ಥ. ಬಲೆಯಿಲ್ಲದವರು ಗಾಳಕ್ಕೆ ಸಿಕ್ಕ ಮೀನುಗಳ ಉದ್ದ ಬರೆದಿಟ್ಟರೂ ಸಾಕು. 1970ರ ದಶಕದಿಂದ ಬಳಕೆಯಲ್ಲಿರುವ ಒಂದು ಲೆಕ್ಕದಲ್ಲಿ ಎಂಟು ಅಂಗುಲ ದಾಟಿದ ಬ್ಯಾಸ್‌ಗಳ ಪೈಕಿ ಹನ್ನೆರಡು ದಾಟಿದವು ಶೇಕಡ ಎಷ್ಟು ಎಂದು ನೋಡುತ್ತಾರೆ. ಎಂಟು ದಾಟಿದ ನಲವತ್ತು ಬ್ಯಾಸ್ ಸಿಕ್ಕು ಅವುಗಳಲ್ಲಿ ಇಪ್ಪತ್ತು ಹನ್ನೆರಡನ್ನು ದಾಟಿದ್ದರೆ ಉತ್ತರ 50. ನಲವತ್ತರಿಂದ ಎಪ್ಪತ್ತರೊಳಗೆ ಇದ್ದರೆ ನೆಮ್ಮದಿ. ಹತ್ತೋ ಹದಿನೈದೋ ಬಂದರೆ ಚಿಕ್ಕ ಬ್ಯಾಸ್‌ಗಳು ಕಿಕ್ಕಿರಿದಿವೆ. ಬ್ಲೂಗಿಲ್‌ಗೂ ಇದೇ ಲೆಕ್ಕ. ಅಲ್ಲಿ ಅಳತೆ ಮೂರು ಮತ್ತು ಆರು ಅಂಗುಲ.

ಬ್ಲೂಗಿಲ್ ಮಿತಿಮೀರಿದ ಕೊಳವನ್ನು ಸರಿಪಡಿಸುವ ಉಪಾಯಗಳಲ್ಲಿ ನನಗೆ ಅತಿ ಜಾಣತನದ್ದು ಎನಿಸುವುದು ನೀರು ಇಳಿಸುವುದು. ಚಳಿಗಾಲಕ್ಕೆ ಮುಂಚೆ ತೂಬಿನಿಂದ ನೀರು ಬಿಟ್ಟು ಕೊಳದ ವಿಸ್ತಾರ ಕುಗ್ಗಿಸಿದರೆ ದಡದ ಕಳೆಯಲ್ಲಿ ಅಡಗಿದ್ದ ಚಿಕ್ಕ ಬ್ಲೂಗಿಲ್‌ಗಳು ಮರೆಯಿಲ್ಲದ ನಡುನೀರಿಗೆ ಬರುತ್ತವೆ, ಬ್ಯಾಸ್‌ಗೆ ಹಬ್ಬವಾಗುತ್ತದೆ. ನೀರುಕಳೆ ಕೊಳದ ಐದನೇ ಒಂದು ಭಾಗಕ್ಕಿಂತ ಹೆಚ್ಚು ಹಬ್ಬಿದ್ದರೆ ಬ್ಯಾಸ್ ಎಷ್ಟಿದ್ದರೂ ಬೇಟೆ ಕೈಗೆ ಸಿಗುವುದಿಲ್ಲವಾದ್ದರಿಂದ ಕಳೆ ತೆಗೆಯುವುದೂ ಮೀನಿನ ನಿರ್ವಹಣೆಯೇ. ಎಂಟು ಹತ್ತು ಅಂಗುಲದ ಬಲಿತ ಬ್ಯಾಸ್‌ಗಳನ್ನು ತಂದು ಬಿಡಬಹುದು. ಎರಡಂಗುಲದ ಮರಿಗಳನ್ನು ಬಿಟ್ಟರೆ ಹಸಿದ ಬ್ಲೂಗಿಲ್ ದಂಡಿನ ನಡುವೆ ಅವು ಉಳಿಯುವುದು ಕಷ್ಟ. ಯಾವುದೂ ಫಲಿಸದಿದ್ದರೆ ಕೊಳ ಬರಿದು ಮಾಡಿ ಮೊದಲಿನಿಂದ ಶುರು ಮಾಡುವುದೊಂದೇ ದಾರಿ.

ಈ ಜೋಡಿಗೆ ಮಿತಿಗಳೂ ಇವೆ. ಅರ್ಧ ಎಕರೆಗಿಂತ ಚಿಕ್ಕ ಕೊಳದಲ್ಲಿ ಬ್ಯಾಸ್ ಮತ್ತು ಬ್ಲೂಗಿಲ್ ಸಮತೋಲನ ಹಿಡಿದಿಡುವುದು ಬಹಳ ಕಷ್ಟ. ಕೆಲವೇ ಮೀನು ಹೆಚ್ಚುಕಡಿಮೆಯಾದರೂ ತಕ್ಕಡಿ ವಾಲುತ್ತದೆ. ಅಂಥಲ್ಲಿ ಚಾನಲ್ ಕ್ಯಾಟ್‌ಫಿಶ್ ಮಾತ್ರ ಸಾಕುವುದು ಲೇಸೆಂಬ ಸಲಹೆಯಿದೆ. ಉತ್ತರದ ಚಳಿ ರಾಜ್ಯಗಳಲ್ಲಿ ಬ್ಯಾಸ್ ನಿಧಾನವಾಗಿ ಬೆಳೆದು ತಡವಾಗಿ ಮೊಟ್ಟೆಯಿಡುವುದರಿಂದ ಅಲಬಾಮಾದ ಅಂಕಿಗಳನ್ನು ಅಲ್ಲಿ ಹಾಗೆಯೇ ಇಳಿಸಲಾಗದು. ಆ ದೇಶದಲ್ಲಿ ಜಮೀನು ಕೊಂಡು ನೆಲೆಸಿದ ಕನ್ನಡಿಗರಿಗೆ ಕೊಳವೂ ದಕ್ಕಿದ್ದರೆ ತಮ್ಮ ರಾಜ್ಯದ ಮೀನುಗಾರಿಕೆ ಇಲಾಖೆಯ ಸಲಹೆಯನ್ನೇ ಹಿಡಿಯುವುದು ಒಳ್ಳೆಯದು.

ಭಾರತದಲ್ಲಿ ಇದೇ ಜೋಡಿಯನ್ನು ತಂದು ಬಿಡಬೇಕೆಂಬ ಆಸೆ ಯಾರಿಗೂ ಬೇಡ. ಜಪಾನಿನ ಅನುಭವ ಮುಂದಿದೆ. 1960ರಲ್ಲಿ ಅಮೆರಿಕಕ್ಕೆ ಹೋಗಿದ್ದ ಯುವರಾಜ ಅಕಿಹಿತೊ ಅವರಿಗೆ ಶಿಕಾಗೊ ಮೇಯರ್ ಬ್ಲೂಗಿಲ್‌ಗಳನ್ನು ಉಡುಗೊರೆಯಾಗಿ ಕೊಟ್ಟರು. ಆಹಾರಕ್ಕೆ ಸಾಕಬಹುದೆಂದು ಅವನ್ನು ಸಂಶೋಧನಾ ಸಂಸ್ಥೆಗೆ ಒಪ್ಪಿಸಲಾಯಿತು. ಕಾಲಕ್ರಮದಲ್ಲಿ ಅವು ಬೀವಾ ಸರೋವರದಂಥ ನೀರಿಗೂ ಹಬ್ಬಿ ಅಲ್ಲಿನ ಸ್ಥಳೀಯ ಮೀನುಗಳಿಗೆ ಕಂಟಕವಾದವು. 2007ರಲ್ಲಿ ಚಕ್ರವರ್ತಿಯಾಗಿದ್ದ ಅಕಿಹಿತೊ, ಸ್ವತಃ ಮೀನುಗಳ ಅಧ್ಯಯನಕಾರರು, ಈ ಬಗ್ಗೆ ಬಹಿರಂಗವಾಗಿ ನೋವು ತೋಡಿಕೊಂಡರು. ನಮ್ಮಲ್ಲಿ ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದನ್ನು ನಿಷೇಧಿಸಿರುವುದರ ಹಿಂದೆಯೂ ಇಂಥದೇ ಭಯವಿದೆ.

ಹಾಗಾದರೆ ಕರ್ನಾಟಕದ ಕೃಷಿ ಹೊಂಡಕ್ಕೆ ಈ ಲೆಕ್ಕದಿಂದ ಏನು ಉಪಯೋಗ? ನಮ್ಮಲ್ಲಿ ಹೆಚ್ಚಾಗಿ ಸಾಕುವ ಕಾಟ್ಲಾ, ರೋಹು, ಮೃಗಾಲ್ ನದಿಯ ಗೆಂಡೆ ಮೀನುಗಳು. ನಿಂತ ನೀರಿನಲ್ಲಿ ಅವು ಮರಿ ಮಾಡುವುದಿಲ್ಲ. 1957ರಲ್ಲಿ ಹೀರಾಲಾಲ್ ಚೌಧುರಿ ಅವರು ಕಟಕ್‌ನಲ್ಲಿ ಮೀನಿನ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಗೆಂಡೆ ಮೀನುಗಳಿಂದ ಮೊಟ್ಟೆ ಇಡಿಸಿದ ಮೇಲೆಯೇ ಬೇಕೆಂದಾಗ ಬಿತ್ತನೆ ಮರಿ ಸಿಗುವ ದಾರಿ ತೆರೆದದ್ದು. ಇದರಿಂದ ಒಂದು ದೊಡ್ಡ ಅನುಕೂಲವಿದೆ: ಹೊಂಡದಲ್ಲಿ ಬಾಯಿಗಳ ಸಂಖ್ಯೆ ನಾವು ಎಣಿಸಿ ಬಿಟ್ಟಷ್ಟೇ ಇರುತ್ತದೆ. ಮರಿಗಳನ್ನು ಕಡಿಮೆ ಮಾಡಲು ಬೇಟೆಗಾರ ಮೀನು ಬೇಕಾಗಿಲ್ಲ. ಬೇಟೆಗಾರ ಒಳಗೆ ಸೇರಿಕೊಂಡರೆ ನಷ್ಟವೇ. ಅದಕ್ಕೇ ಮರಿ ಬಿಡುವ ಮೊದಲು ಹಳೆಯ ಹೊಂಡಕ್ಕೆ ಹಿಪ್ಪೆ ಹಿಂಡಿ ಹಾಕಿ ಕಳೆ ಮೀನು, ಬೇಟೆ ಮೀನುಗಳನ್ನೆಲ್ಲ ತೆಗೆಯುತ್ತಾರೆ.

ಇದಕ್ಕೆ ಅಪವಾದ ಜಿಲೇಬಿ ಮೀನು, ಅಂದರೆ ಟಿಲಾಪಿಯಾ. ಆಫ್ರಿಕಾ ಮೂಲದ ಇದು 1952ರಲ್ಲಿ ಭಾರತಕ್ಕೆ ಬಂತು. ಹೆಣ್ಣು ಮೊಟ್ಟೆಗಳನ್ನೂ ಮರಿಗಳನ್ನೂ ಬಾಯಿಯೊಳಗೇ ಇಟ್ಟುಕೊಂಡು ಕಾಯುತ್ತದೆ, ಎಳೆಯ ವಯಸ್ಸಿನಲ್ಲೇ ಮರಿ ಮಾಡಲು ಶುರು ಮಾಡುತ್ತದೆ. ಹೊಂಡಕ್ಕೆ ನಾಲ್ಕು ಜಿಲೇಬಿ ಹೊಕ್ಕರೆ ಸ್ವಲ್ಪ ಕಾಲದಲ್ಲೇ ಬೆರಳುದ್ದದ ಮೀನುಗಳ ಸಂತೆಯಾಗುತ್ತದೆ, ಗೆಂಡೆಗಳ ಆಹಾರವನ್ನೂ ಅವೇ ಕಬಳಿಸುತ್ತವೆ. ಅಲಬಾಮಾದ ಬ್ಲೂಗಿಲ್ ಕಥೆಯೇ ಇದು. ಥಾಯ್ಲೆಂಡ್, ಫಿಲಿಪ್ಪೀನ್ಸ್‌ಗಳಲ್ಲಿ ಜಿಲೇಬಿಯ ಮರಿಗಳನ್ನು ಹದ್ದಿನಲ್ಲಿಡಲು ಹಾವಿನ ತಲೆಯಂಥ ತಲೆಯುಳ್ಳ ಮುರ್ರೆಲ್ ಮೀನನ್ನು ಬಳಸಿದ್ದಾರೆ. ಮುರ್ರೆಲ್ ನಮ್ಮದೇ ನೀರಿನ ಮೀನು. ಮಳೆಗಾಲದಲ್ಲಿ ಗದ್ದೆಯ ಬದಿಯ ಕಾಲುವೆಯಲ್ಲಿ ಕೆಂಪು ಮರಿಗಳ ಒಂದು ಗುಂಪು ನೀರಿನ ಮೇಲ್ಮೈಗೆ ಬಂದು ಗಾಳಿ ಗುಟುಕರಿಸಿ ಕೆಳಗಿಳಿಯುವುದನ್ನು ನೋಡಿದವರಿಗೆ, ಅದರ ಅಡಿಯಲ್ಲೇ ಕಾವಲಿರುವ ದೊಡ್ಡ ಮೀನೂ ಗೊತ್ತಿರುತ್ತದೆ.

ಮುರ್ರೆಲ್ ಬಿಡುವುದಾದರೆ ಆಬರ್ನ್‌ನ ಕ್ರಮವೇ ಇಲ್ಲೂ ಅನ್ವಯ. ಮೊದಲು ಜಿಲೇಬಿ ಬೆಳೆದು ಒಂದು ಸಲ ಮರಿ ಮಾಡಿರಬೇಕು, ಆಮೇಲೆ ಆ ಮರಿಗಳನ್ನಷ್ಟೇ ನುಂಗಬಲ್ಲ ಗಾತ್ರದ ಮುರ್ರೆಲ್ ಬರಬೇಕು. ಕಾಟ್ಲಾ, ರೋಹು ಮರಿಗಳು ಇನ್ನೂ ಚಿಕ್ಕವಾಗಿರುವ ಹೊಂಡಕ್ಕೆ ಅದನ್ನು ಬಿಡಬಾರದು, ಮೊದಲು ಖಾಲಿಯಾಗುವುದು ಅವೇ. ಗಾಳಿ ಉಸಿರಾಡುವ ಮೀನಾದ್ದರಿಂದ ಮಳೆಯ ರಾತ್ರಿ ಒದ್ದೆ ನೆಲದ ಮೇಲೆ ತೆವಳಿ ಪಕ್ಕದ ಹೊಂಡಕ್ಕೂ ದಾಟಬಲ್ಲದು. ಏರಿಯ ಸುತ್ತ ಬಲೆಯ ಬೇಲಿ ಬೇಕು. ಮುರ್ರೆಲ್ ಬಂದಮೇಲೂ ದೊಡ್ಡ ಜಿಲೇಬಿಗಳನ್ನು ಆಗಾಗ ಬಲೆ ಹಾಕಿ ತೆಗೆಯುತ್ತಿರಬೇಕು, ಅದರ ಬಾಯಿಗೆ ದಕ್ಕದಷ್ಟು ಬೆಳೆದ ಮೀನನ್ನು ಹೊಂಡದಿಂದ ಎತ್ತಬಲ್ಲವನು ಹೊಂಡದ ಮಾಲೀಕನೊಬ್ಬನೇ.